ನಿನ್ನ ಹೆಸರಿಗೆ ಬಂದ ಕಾಗದ

ಪಟ್ಟಂ, ತಿರುವನಂತಪುರ
ಸೆಪ್ಟೆಂಬರ್ 2003

ಮಗಳೇ ಚೈತನ್ಯಾ,

ನೀನು ಇದನ್ನು ಓದುವ ಹೊತ್ತಿಗೆ ಆಲಪ್ಪುಳದ ಹಾಸ್ಟೆಲಿನಲ್ಲಿ ಪೆಟ್ಟಿಗೆ ಬಿಚ್ಚುತ್ತಿರುತ್ತೀ. ಬಟ್ಟೆಗಳ ಕೆಳಗೆ, ಬೆಡ್‌ಶೀಟಿನ ಮಡಿಕೆಯೊಳಗೆ ಇದನ್ನು ಇಟ್ಟಿದ್ದೇನೆ. ಮೇಲೆಯೇ ಇಟ್ಟರೆ ರೈಲಿನಲ್ಲಿ ಅಪ್ಪನ ಎದುರಿಗೇ ತೆಗೆದು ಓದುತ್ತೀಯೇನೋ ಎಂದು ಹೆದರಿದೆ. ಕನ್ನಡ ಓದಲು ನಿನಗೆ ನಿಧಾನ, ಗೊತ್ತು. ನಾನು ಕನ್ನಡದಲ್ಲಿ ಕೇಳಿದರೆ ನೀನು ಮಲಯಾಳದಲ್ಲಿ ಉತ್ತರ ಕೊಟ್ಟೇ ಬೆಳೆದವಳು. ಆದರೆ ಇದನ್ನು ನನಗೆ ಬೇರೆ ಯಾವ ಭಾಷೆಯಲ್ಲೂ ಬರೆಯಲಿಕ್ಕೆ ಆಗುವುದಿಲ್ಲ. ನಿಧಾನವಾಗಿಯೇ ಓದು.

ಎರಡು ತಿಂಗಳಿಂದ ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಆಫೀಸಿನಲ್ಲಿ ಇಂದುಮತಿ ಚೇಚಿ ಎಲ್ಲರೆದುರು ಹೇಳಿದಳು, ಒಂದು ವರ್ಷ ಮಗಳನ್ನು ಕೊಚ್ಚಿಯಲ್ಲಿ ಕೋಚಿಂಗಿಗೆ ಕೂರಿಸುವ ಧೈರ್ಯ ಮಾಡಿದಿರಲ್ಲ, ಅದರಿಂದಲೇ ಮೆಡಿಕಲ್ ಸೀಟು ಬಂತು ಎಂದು. ಊರಿಂದ ಫೋನ್ ಮಾಡಿದವರೆಲ್ಲ ಅದನ್ನೇ ಹೇಳಿದರು. ಪ್ರತಿಸಲವೂ ನಾನು ನಕ್ಕು ತಲೆಯಾಡಿಸಿದೆ. ಹೀಗೇ ಬಿಟ್ಟರೆ ಸ್ವಲ್ಪ ದಿನದಲ್ಲಿ ನಾನೂ ಅದನ್ನೇ ನಂಬಿಬಿಡುತ್ತೇನೆ, ನಿನ್ನ ಸೀಟು ನನ್ನ ತಪ್ಪನ್ನು ಮುಚ್ಚಿಹಾಕಿಬಿಡುತ್ತದೆ ಎಂಬ ಹೆದರಿಕೆಯಿಂದ ಈ ಪತ್ರ ಬರೆಯಲು ಕೂತಿದ್ದೇನೆ.

ಕಳೆದ ವರ್ಷ, ನಿನ್ನ ಮೊದಲನೆಯ ಎಂಟ್ರೆನ್ಸ್ ಪರೀಕ್ಷೆಯ ಫಲಿತಾಂಶ ಬಂದ ದಿನ ನಿನಗೆ ನೆನಪಿರಬೇಕು. ಸಾವಿರದ ಒಂಬೈನೂರ ನಲವತ್ತು. ನೀನು ರ‍್ಯಾಂಕನ್ನು ಓದಿ ಹೇಳಿ, ಒಳಗೆ ಹೋಗಿ ಮುಖ ತೊಳೆದು ಬಂದೆ. ಅಪ್ಪ, "ಹೋಗ್ಲಿ ಬಿಡು, ಇದೇ ಕೊನೆಯಾ?" ಎಂದರು. ಆ ತಿಂಗಳೆಲ್ಲ ಪೇಪರಿನಲ್ಲಿ ಪರೀಕ್ಷೆಯಲ್ಲಿ ಸೋತು ಜೀವ ಕಳೆದುಕೊಂಡ ಮಕ್ಕಳ ಸುದ್ದಿ ಬರುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಅಂಥ ಸುದ್ದಿ ಇದ್ದ ಹಾಳೆಯನ್ನು ತೆಗೆದು ಅಡುಗೆಮನೆಯಲ್ಲಿ ತರಕಾರಿಯ ಕೆಳಗೆ ಹಾಸುತ್ತಿದ್ದೆ. ನೀನು ಬಚ್ಚಲಿಗೆ ಹೋಗಿ ಹತ್ತು ನಿಮಿಷವಾದರೆ ಏನಾದರೊಂದು ನೆವ ತೆಗೆದು ಬಾಗಿಲು ಬಡಿಯುತ್ತಿದ್ದೆ. "ಒನ್ನೂಲ್ಲ ಅಮ್ಮೇ," ಏನೂ ಇಲ್ಲ ಎಂದು ಒಳಗಿನಿಂದ ನಿನ್ನ ದನಿ ಬಂದರೆ ಮಾತ್ರ ನನಗೆ ಉಸಿರು.

ಕೌನ್ಸೆಲಿಂಗಿನ ದಿನ ನಮ್ಮ ಸರದಿ ಬರುವಷ್ಟರಲ್ಲಿ ಮೆಡಿಕಲ್ ಸೀಟುಗಳೆಲ್ಲ ಮುಗಿದಿದ್ದವು. ಮಣ್ಣುತ್ತಿ ಕಾಲೇಜಿನ ವೆಟರಿನರಿ ಸೀಟುಗಳೂ ನಿನಗಿಂತ ಸ್ವಲ್ಪ ಮುಂಚೆ ಮುಗಿದವು. ಮೇಜಿನ ಹಿಂದಿದ್ದವರು, ಯಾರಾದರೂ ಬಿಟ್ಟುಹೋದರೆ ಕಾಗದ ಬರುತ್ತದೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ನೀನು ಕನ್ನಡದಲ್ಲಿಯೇ ಹೇಳಿದೆ, "ಮಣ್ಣುತ್ತಿ ಸಿಕ್ಕಿದ್ರೂ ನಂಗೆ ಸಾಕು ಅಮ್ಮ." ಬೇಕಾದ್ದನ್ನು ನೀನು ಕನ್ನಡದಲ್ಲಿ ಕೇಳುವುದು ತೀರ ಅಪರೂಪ. ನಾನು ಕೇಳಿಸಿಕೊಂಡೂ ಕೇಳಿಸದವಳಂತೆ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಿದೆ.

ಆಗಸ್ಟಿನಲ್ಲಿ ನಿನ್ನನ್ನು ಕೊಚ್ಚಿಯಲ್ಲಿ, ಕಲ್ಯಾಣಿ ಟೀಚರ್ ಅವರ ಹಾಸ್ಟೆಲಿನಲ್ಲಿ ಬಿಟ್ಟುಬಂದೆವು. ಒಂದು ಕೋಣೆಯಲ್ಲಿ ಎರಡು ಮಂಚ, ಗೋಡೆ ತುಂಬ ಹಿಂದಿನ ವರ್ಷದ ಹುಡುಗಿಯರು ಅಂಟಿಸಿದ ಸೂತ್ರಗಳು. ಜೊತೆಯ ಹುಡುಗಿ ನವ್ಯಾ ನಿನಗೆ ಕಿಟಕಿಯ ಪಕ್ಕದ ಮಂಚ ಬಿಟ್ಟುಕೊಟ್ಟಳು. ಹೊರಡುವಾಗ ನೀನು ಗೇಟಿನವರೆಗೂ ಬಂದೆ, ಅತ್ತದ್ದು ನಾನು. ನಿನ್ನ ಕಣ್ಣು ಒಣಗಿತ್ತು. ಅದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು.

ಆ ಕಾಗದ ಅಕ್ಟೋಬರಿನಲ್ಲಿ ಬಂತು.

ಕಂದು ಬಣ್ಣದ ಸರಕಾರಿ ಲಕೋಟೆ, ನಿನ್ನ ಹೆಸರಿಗೆ. ಮಣ್ಣುತ್ತಿಯಲ್ಲಿ ಒಂದು ಸೀಟು ತೆರವಾಗಿದೆ, ಏಳು ದಿನದೊಳಗೆ ಪ್ರಮಾಣಪತ್ರಗಳೊಂದಿಗೆ ಹಾಜರಾಗಬೇಕು ಎಂದಿತ್ತು. ಅಪ್ಪ ಆಫೀಸಿಗೆ ಹೋಗಿಯಾಗಿತ್ತು, ನಾನು ಆ ದಿನ ರಜೆ ಹಾಕಿದ್ದೆ. ನಾನು ಬಾಗಿಲಲ್ಲೇ ನಿಂತು ಓದಿದೆ. ನಿನಗೆ ಫೋನ್ ಮಾಡಬೇಕಿತ್ತು. ಹಾಸ್ಟೆಲಿನ ನಂಬರ್ ನನಗೆ ಬಾಯಿಪಾಠ. ಫೋನಿನ ಹತ್ತಿರ ಹೋಗಿ ನಿಂತೂ ಆಯಿತು. ಆಮೇಲೆ ಲಕೋಟೆಯನ್ನು ಗೋದ್ರೆಜಿನೊಳಗೆ, ನನ್ನ ಮದುವೆಯ ಸೀರೆಯ ಮಡಿಕೆಯಲ್ಲಿ ಇಟ್ಟು ಬೀಗ ಹಾಕಿದೆ.

ಹದಿನೇಳು ವರ್ಷದಿಂದ ನಾನು ಆಫೀಸಿನ ಟಪಾಲು ವಿಭಾಗದಲ್ಲಿದ್ದೇನೆ ಚೈತು. ಯಾರ ಹೆಸರಿಗೆ ಬಂದದ್ದು ಅವರ ಕೈಗೇ ಸೇರಬೇಕೆಂದು ಹೊಸಬರಿಗೆ ಪಾಠ ಹೇಳುವವಳು ನಾನು. ಒಂದು ಕಾಗದವೂ ನನ್ನ ಕೈಯಲ್ಲಿ ದಾರಿ ತಪ್ಪಿಲ್ಲ. ತಪ್ಪಿದ್ದು ಅದೊಂದೇ.

ಯಾಕೆ ಎಂದು ಕೇಳಿದರೆ ದೊಡ್ಡ ಕಾರಣ ಯಾವುದೂ ನನ್ನ ಹತ್ತಿರ ಇಲ್ಲ. ಇದ್ದಿದ್ದರೆ ಹೇಳಿಕೊಳ್ಳಲು ಸುಲಭವಾಗುತ್ತಿತ್ತು. ಉಳ್ಳೂರಿನ ದಾರಿಯಲ್ಲಿ ಬಸ್ಸಿಗೆ ಹತ್ತುವ ಮೆಡಿಕಲ್ ಕಾಲೇಜಿನ ಹುಡುಗಿಯರನ್ನು ನೋಡುತ್ತಿದ್ದೆ. ತೋಳಿನ ಮೇಲೆ ಮಡಿಚಿದ ಬಿಳಿ ಕೋಟು, ಕಂಡಕ್ಟರ್ ಕೂಡ ಅವರೊಡನೆ ಮೆತ್ತಗೆ ಮಾತಾಡುತ್ತಾನೆ. ನಾವು ಕಾಸರಗೋಡಿನವರು. ಇಪ್ಪತ್ತು ವರ್ಷ ಆದರೂ ಈ ಊರಿನಲ್ಲಿ ನನ್ನ ಮಲಯಾಳ ಕೇಳಿ "ಚೇಚಿಗೆ ಊರು ಎಲ್ಲಿ?" ಅಕ್ಕನ ಊರು ಯಾವುದು ಎನ್ನುವವರು ಇದ್ದಾರೆ. ನಿನ್ನನ್ನು ಯಾರೂ ಹಾಗೆ ಕೇಳಬಾರದು ಎಂದುಕೊಂಡಿದ್ದೆ. ಇಂದುಮತಿ ಚೇಚಿಯ ಮಗಳಿಗೆ ಆ ವರ್ಷವೇ ಮೆಡಿಕಲ್ ಆಗಿತ್ತು. ದನದ ಡಾಕ್ಟರ್ ಎಂದು ಅವಳ ಎದುರು ಹೇಗೆ ಹೇಳಲಿ ಎಂಬುದೂ ನನ್ನ ಮನಸ್ಸಿನಲ್ಲಿತ್ತು. ಇಷ್ಟೇ.

ಏಳು ದಿನ ಕಳೆಯಿತು. ಆಮೇಲಿನ ಭಾನುವಾರ ನೀನು ಬೂತಿನಿಂದ ಮಾಡುವ ಫೋನ್ ಐದು ಗಂಟೆಗೆ ಸರಿಯಾಗಿ ಬಂತು. "ಕಾಗದ ಏನಾದ್ರೂ ಬಂತಾ ಅಮ್ಮ?" ಎಂದು ಕೇಳಿದೆ. ಮತ್ತೆ ಕನ್ನಡದಲ್ಲಿ. "ಇಲ್ಲ ಮಗಾ," ಎಂದೆ.

ಆಮೇಲೆ ನೀನು ಕೇಳಲಿಲ್ಲ. ಭಾನುವಾರದ ಮಾತು ಹತ್ತು ನಿಮಿಷದಿಂದ ಐದಕ್ಕೆ, ಐದರಿಂದ ಎರಡಕ್ಕೆ ಇಳಿಯಿತು. ಊಟ ಆಯಿತಾ, ಆಯಿತು. ಓದುತ್ತಿದ್ದೀಯಾ, ಓದುತ್ತಿದ್ದೇನೆ. ಶರಿ ಅಮ್ಮೇ. ಕ್ರಿಸ್‌ಮಸ್ ರಜೆಗೆ ಬಂದಾಗ ನಿನ್ನ ಮಣಿಕಟ್ಟು ತೆಳ್ಳಗಾಗಿ ಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಇವಳು ಸರಿ ಇಲ್ಲ ಶಂಕರಿ, ಕರ್ಕೊಂಡು ಬರುವನಾ?" ಎಂದು ಕೇಳಿದರು. "ಇನ್ನು ನಾಲ್ಕೇ ತಿಂಗಳು," ಎಂದೆ. ಹಾಗೆ ಹೇಳಿದ್ದು ನಾನು. ಅಪ್ಪನನ್ನು ತಪ್ಪು ತಿಳಿಯಬೇಡ.

ಮಾರ್ಚ್ ತಿಂಗಳ ಆ ಶನಿವಾರದ ಬಗ್ಗೆ ನಿನಗೆ ಅರ್ಧ ಮಾತ್ರ ಗೊತ್ತು. ಉಳಿದರ್ಧವನ್ನು ಇಂದಿನವರೆಗೆ ನಾನು ಹೇಳಿಲ್ಲ.

ಬೆಳಿಗ್ಗೆ ಆರೂವರೆಗೆ ಕಲ್ಯಾಣಿ ಟೀಚರ್ ಫೋನ್ ಮಾಡಿದರು. ನನ್ನ ಜ್ವರ ಹೇಗಿದೆ ಎಂದು ಕೇಳಲು. "ನಂಗೆ ಜ್ವರವಾ?" ಎಂದೆ. ಆಮೇಲೆ ಅವರು, ಅಮ್ಮನಿಗೆ ಜೋರು ಜ್ವರ ಎಂದು ಹೇಳಿ ನೀನು ಶುಕ್ರವಾರ ಬೆಳಿಗ್ಗೆಯೇ ರಜೆ ಬರೆದುಕೊಟ್ಟು ಹೊರಟೆ ಎಂದರು. "ಮೋಳ್ ಅವಿಡೆ ಎತ್ತಿಯಿಲ್ಲೇ?" ಮಗಳು ಅಲ್ಲಿಗೆ ತಲುಪಲಿಲ್ಲವೇ ಎಂದು ಎರಡು ಸಲ ಕೇಳಿದರು. ತಲುಪಿದ್ದಾಳೆ ಎಂದು ನಾನು ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ರಿಸೀವರ್ ಹಿಡಿದು ನಿಂತಿದ್ದೆ.

ಅಪ್ಪ ಆ ವಾರ ಸರಕಾರದ ಒಂದು ಭೂಮಿ ಕೇಸಿಗಾಗಿ ಕಾಸರಗೋಡಿಗೆ ಹೋಗಿದ್ದರು, ರಾಜ್ಯದ ಆ ತುದಿಗೆ. ಅವರಿಗೆ ಫೋನ್ ಮಾಡಲಿಲ್ಲ. ಏನೆಂದು ಹೇಳುವುದು? ಸಿಕ್ಕಿದ ರೈಲು ಹತ್ತಿದೆ. ನಾಲ್ಕೂವರೆ ಗಂಟೆಯ ಪ್ರಯಾಣ. ಮಹಿಳೆಯರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಆದರೆ ಕಾಯಂಕುಳಂ ದಾಟಿದ ಮೇಲೆ ನಾನು ಕಿಟಕಿಯ ಷಟರ್ ಎಳೆದುಬಿಟ್ಟೆ. ದಾರಿಯುದ್ದಕ್ಕೂ ನೀರು. ಅದನ್ನು ನೋಡಲು ಆಗಲಿಲ್ಲ. ಎದುರಿನ ಹೆಂಗಸು ಸೆಖೆ ಎಂದು ಗೊಣಗಿದಳು. ನಾನು ಷಟರಿನ ಮೇಲಿನ ಕೈ ತೆಗೆಯಲಿಲ್ಲ.

ಹಾಸ್ಟೆಲಿನಲ್ಲಿ ನಿನ್ನ ಮಂಚ ನೋಡಿದೆ. ಹೊದಿಕೆ ಮಡಿಚಿತ್ತು. ಪುಸ್ತಕಗಳು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದ್ದವು. ಮನೆಯಲ್ಲಿ ನೀನು ಒಂದು ದಿನವೂ ಪುಸ್ತಕ ಹಾಗೆ ಜೋಡಿಸಿದವಳಲ್ಲ. ಆ ಅಚ್ಚುಕಟ್ಟು ನೋಡಿ ನಿನ್ನ ಮಂಚದ ಮೇಲೆಯೇ ಕೂತುಬಿಟ್ಟೆ. ಯಾವ ಬಟ್ಟೆ ಹಾಕಿಕೊಂಡು ಹೋದಳು ಎಂದು ನವ್ಯಾಳನ್ನು ಕೇಳಿದೆ. ಅವಳು ಅಳುತ್ತ, ಹಳದಿ ಚೂಡಿದಾರ ಇರಬೇಕು, ನಿಜವಾಗಿ ನೆನಪಿಲ್ಲ ಆಂಟಿ ಎಂದಳು.

ಕೊಚ್ಚಿಯಲ್ಲಿ ನನಗೆ ಗೊತ್ತಿದ್ದವರು ಒಬ್ಬರೇ, ಹೈಕೋರ್ಟಿನ ವಕೀಲರಾದ ನಮ್ಮೂರಿನ ಕೃಷ್ಣಾನಂದ. ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಅವರು ಬಂದರು. ನನ್ನನ್ನು ಕಾರಿನಲ್ಲೇ ಕೂರಿಸಿ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದರು. ಮುಖ ನೋಡಿದಾಗಲೇ ಏನೋ ಇದೆ ಎಂದು ತಿಳಿಯಿತು.

"ಶಂಕರಿಯಕ್ಕ, ಕಾಸರಗೋಡಿಗೆ ಜಯಪ್ರಕಾಶಣ್ಣನಿಗೆ ಫೋನ್ ಮಾಡಿದ್ರಾ?"

"ಇಲ್ಲ. ಎಂತ ಆಯ್ತು ಹೇಳಿ."

"ಆಗಿದೆ ಅಂತ ಅಲ್ಲ. ಬೆಳಿಗ್ಗೆ ಬೋಟ್ ಜೆಟ್ಟಿಯ ಹತ್ತಿರ ನೀರಲ್ಲಿ ಒಬ್ಳು ಹುಡುಗಿ ಸಿಕ್ಕಿದ್ದಾಳಂತೆ. ಯಾರು ಅಂತ ಗೊತ್ತಾಗ್ಲಿಲ್ಲ. ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ. ನೀವು ಕಾರಲ್ಲೇ ಕೂತಿರಿ, ನಾನು ನೋಡಿಕೊಂಡು ಬರ್ತೇನೆ."

"ಬಟ್ಟೆ ಯಾವ ಬಣ್ಣ?"

"ಹಳದಿಯಂತೆ," ಎಂದರು.

"ನೀವು ಅವಳನ್ನು ಸಣ್ಣವಳಿರುವಾಗ ನೋಡಿದ್ದು. ನಿಮಗೆ ಗುರ್ತ ಸಿಕ್ಕುದಿಲ್ಲ. ನಾನೇ ಬರ್ತೇನೆ," ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

ಆಸ್ಪತ್ರೆಯ ಹಿಂಬದಿಯ ಆ ಓಣಿಯಲ್ಲಿ ನಡೆಯುವಾಗ ದೇವರನ್ನು ಬೇಡಲಿಲ್ಲ. ಬೇಡುವ ಹಕ್ಕು ನನಗಿರಲಿಲ್ಲ. ಅಕ್ಟೋಬರಿನಲ್ಲಿ ಆ ಕಾಗದವನ್ನು ಕೊಟ್ಟಿದ್ದರೆ ನೀನು ಈಗ ಮಣ್ಣುತ್ತಿಯಲ್ಲಿ ಯಾವುದೋ ಹಸುವಿನ ಪಕ್ಕ ನಿಂತಿರುತ್ತಿದ್ದೆ ಎಂಬುದೊಂದೇ ತಲೆಯೊಳಗೆ ತಿರುಗುತ್ತಿತ್ತು. ಬಾಗಿಲು ತೆರೆದವನು ಮೊದಲು ಕಾಲಿನ ಕಡೆಯಿಂದ ಬಟ್ಟೆ ಸರಿಸಿದ. ಕಾಲಲ್ಲಿ ಬೆಳ್ಳಿಯ ಗೆಜ್ಜೆ ಇತ್ತು. ನೀನು ಗೆಜ್ಜೆ ಹಾಕಿದವಳೇ ಅಲ್ಲ. ಆದರೂ ಮುಖ ನೋಡುವವರೆಗೆ ನನಗೆ ನಂಬಿಕೆ ಬರಲಿಲ್ಲ. ನೋಡಿದೆ. ನಿನ್ನ ಪ್ರಾಯದವಳೇ. ಹುಬ್ಬಿನ ಹತ್ತಿರ ಒಂದು ಮಚ್ಚೆ.

"ಅಲ್ಲ," ಎಂದೆ. ಹೊರಗೆ ಬಂದು ಗೋಡೆಗೆ ಒರಗಿದೆ. ನನಗೆ ಆದದ್ದು ಸಂತೋಷ ಚೈತು, ಶುದ್ಧ ಸಂತೋಷ. ಆ ಹುಡುಗಿಯ ಅಮ್ಮ ಎಲ್ಲಿದ್ದಾಳೆ, ಅವಳಿಗೆ ಯಾರು ಹೇಳುತ್ತಾರೆ ಎಂಬುದು ನೆನಪಾದದ್ದು ಕಾರಿನಲ್ಲಿ ಕೂತ ಮೇಲೆ. ಅಷ್ಟು ಹೊತ್ತಿನವರೆಗೆ ಒಂದು ಮಗು ಸತ್ತದ್ದಕ್ಕೆ ನಾನು ಸಂತೋಷಪಟ್ಟಿದ್ದೆ.

ಹಾಸ್ಟೆಲಿಗೆ ವಾಪಸು ಬಂದು ಕೂತೆ. ಕೃಷ್ಣಾನಂದ ಬಸ್ ಸ್ಟಾಂಡಿಗೆ, ರೈಲು ನಿಲ್ದಾಣಕ್ಕೆ ಹೋದರು. ಆರೂವರೆ ಇರಬೇಕು, ಗೇಟಿನ ಸದ್ದಾಯಿತು. ನೀನು ಬಂದೆ. ನೀಲಿ ಚೂಡಿದಾರ. ಚಪ್ಪಲಿಗೆ ಸಗಣಿ ಮೆತ್ತಿಕೊಂಡಿತ್ತು, ಶಾಲಿನ ತುದಿಯಲ್ಲಿ ಔಷಧದ ಹಳದಿ ಕಲೆ. ನನ್ನನ್ನು ನೋಡಿ ನೀನು ಬಾಗಿಲಲ್ಲೇ ನಿಂತೆ. ಕಲ್ಯಾಣಿ ಟೀಚರ್ ಬೈಯಲು ಬಾಯಿ ತೆರೆದವರು ನನ್ನ ಮುಖ ನೋಡಿ ಒಳಗೆ ಹೋದರು.

"ಎಲ್ಲಿಗೆ ಹೋಗಿದ್ದೆ?"

"ಮಣ್ಣುತ್ತಿಗೆ. ನನ್ನ ಶಾಲೆಯ ತೇಜಸ್ವಿನಿ ಅಲ್ಲಿ ಓದ್ತಾಳಲ್ಲ, ಅವಳ ರೂಮಲ್ಲಿ ಇದ್ದೆ. ಅವಳೊಟ್ಟಿಗೆ ಕೊಟ್ಟಿಗೆಗೆ ಹೋದೆ. ಒಂದು ಹಸು ಕರು ಹಾಕಿತು ಅಮ್ಮ, ನಾನು ಹಿಡ್ಕೊಂಡೆ."

ಐದು ತಿಂಗಳಲ್ಲಿ ನೀನು ನನ್ನೊಡನೆ ಒಟ್ಟಿಗೆ ಅಷ್ಟು ಮಾತಾಡಿರಲಿಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದೆ: "ಆಫೀಸಲ್ಲೂ ಕೇಳಿದೆ. ಅಕ್ಟೋಬರಲ್ಲೇ ಕಾಗದ ಕಳ್ಸಿದ್ದೇವೆ ಅಂದ್ರು. ನಮ್ಮ ಅಡ್ರೆಸ್ಸಿಗೇ."

ನೀನು ನನ್ನನ್ನೇ ನೋಡುತ್ತಿದ್ದೆ. ಎರಡು ಗಂಟೆ ಮುಂಚೆ ನಾನು ನಿಂತಿದ್ದ ಜಾಗ ಎಂಥದು ಎಂದು ನಿನಗೆ ಗೊತ್ತಿರಲಿಲ್ಲ. ಅಲ್ಲಿಂದ ಬಂದವಳು ಸುಳ್ಳು ಹೇಳಲಾರಳು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಳ್ಳುತ್ತಿದ್ದೆ. ಆದರೆ ನೀನು ಸಿಕ್ಕಿದ ಮರುಕ್ಷಣವೇ ನಿನ್ನನ್ನು ಇನ್ನೊಂದು ರೀತಿಯಲ್ಲಿ ಕಳೆದುಕೊಳ್ಳುವ ಹೆದರಿಕೆ ನನ್ನನ್ನು ಹಿಡಿಯಿತು.

"ಪೋಸ್ಟಿನಲ್ಲಿ ಎಲ್ಲಿಯೋ ತಪ್ಪಿಹೋಗಿರಬೇಕು," ಎಂದೆ.

"ಶರಿ ಅಮ್ಮೇ," ಎಂದು ಹೇಳಿ ನೀನು ಕಾಲು ತೊಳೆಯಲು ಹೋದೆ.

ಅವತ್ತಿನಿಂದ ಈವತ್ತಿನವರೆಗೆ ಆ ಎರಡು ಪದಗಳನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ. ನೀನು ನಂಬಿದೆಯಾ? ಗೊತ್ತಾಗಿಯೂ ಬಿಟ್ಟೆಯಾ? ರಾಶಿ ರಾಶಿ ಟಪಾಲು ನೋಡುವ ಅಮ್ಮನ ಮನೆಗೇ ಬಂದ ಕಾಗದ ಹೇಗೆ ತಪ್ಪುತ್ತದೆ ಎಂದು ನಿನ್ನಂಥ ಹುಡುಗಿಗೆ ಹೊಳೆಯದೇ ಇರುತ್ತದೆಯೇ? ನೀನು ಮತ್ತೆ ಓದಿದೆ. ಮೊದಲಿಗಿಂತ ಹೆಚ್ಚು ಓದಿದೆ. ಮೇ ತಿಂಗಳಲ್ಲಿ ಪರೀಕ್ಷೆ ಬರೆದು ಹೊರಗೆ ಬಂದಾಗ ಹೇಗಿತ್ತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ, ನೀರಿನ ಬಾಟಲಿ ಕೊಟ್ಟೆ. ಐನೂರ ಮೂವತ್ತೆಂಟು ಎಂದು ರ‍್ಯಾಂಕ್ ಬಂದಾಗಲೂ ನೀನು ಕಳೆದ ವರ್ಷದಂತೆಯೇ ಓದಿ ಹೇಳಿ ಒಳಗೆ ಹೋದೆ. ಅಪ್ಪ ಚಾಲೈ ಪೇಟೆಗೆ ಓಡಿ ಜಿಲೇಬಿ ತಂದರು. ನನ್ನ ಪಾಲಿನದನ್ನು ನಾನು ತಟ್ಟೆಯಲ್ಲೇ ಬಿಟ್ಟೆ.

ಕೌನ್ಸೆಲಿಂಗಿಗೆ ಈ ಸಲ ನಾನು ಒಳಗೆ ಬರಲಿಲ್ಲ. ತಲೆನೋವು ಎಂದದ್ದು ನೆವ. ನಾನು ಪಕ್ಕದಲ್ಲಿ ಕೂತರೆ ನೀನು ನನ್ನ ಮುಖ ನೋಡಿ ಹೇಳುತ್ತೀಯೆಂದು ಹೆದರಿದೆ. ಮೆಡಿಕಲ್ ಎಂದರೂ ಹೆದರಿಕೆ, ವೆಟರಿನರಿ ಎಂದರೂ ಹೆದರಿಕೆ. ಹೊರಗಿನ ಮರದ ಕೆಳಗೆ ಬೇರೆ ಬೇರೆ ಅಮ್ಮಂದಿರ ನಡುವೆ ನಿಂತಿದ್ದೆ. ನೀವಿಬ್ಬರೂ ಹೊರಬಂದಾಗ ಅಪ್ಪನ ಮುಖ ನೋಡಿಯೇ ಮೆಡಿಕಲ್ ಎಂದು ತಿಳಿಯಿತು. ಅವರು ಊರಿಗೆ ಫೋನ್ ಮಾಡಲು ಬೂತಿಗೆ ಹೋದರು. ಆಗ ನಿನ್ನನ್ನು ಕೇಳಿದೆ, "ನಿನಗೆ ಬೇಕಾದ್ದೇ ತಗೊಂಡೆಯಾ?"

"ಗೊತ್ತಿಲ್ಲ ಅಮ್ಮ," ಎಂದೆ ನೀನು. ಅಪ್ಪ ಹೋದ ಕಡೆ ನೋಡಿ, "ಆದ್ರೆ ಒಳಗೆ ಅಪ್ಪ ಮಾತಾಡ್ಲಿಲ್ಲ. ನಾನೇ ಹೇಳಿದ್ದು."

ಆ ಮಾತಿನಲ್ಲಿ ಎಷ್ಟು ನಿನ್ನದು, ಎಷ್ಟು ನಾನು ಒಂದು ವರ್ಷ ನಿನ್ನನ್ನು ಅರೆದು ಒಳಗೆ ಸೇರಿಸಿದ್ದು, ನನಗೆ ತಿಳಿಯದು. ನಿನಗೂ ಈಗಲೇ ತಿಳಿಯಬೇಕೆಂದಿಲ್ಲ.

ನಿನ್ನೆ ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಕಾಗದ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬೈಯುತ್ತಾರೆಂದು ಕಾದೆ. ಅವರು ಬಾಲ್ಕನಿಗೆ ಹೋಗಿ ಬಹಳ ಹೊತ್ತು ನಿಂತು, ಒಳಗೆ ಬಂದು, "ಅವಳಿಗೆ ನೀನೇ ಹೇಳು. ನಾನು ಹೇಳಿದ್ರೆ ದೂರು ಹೇಳಿದ ಹಾಗೆ ಆಗ್ತದೆ," ಎಂದರು. ರಾತ್ರಿ ಊಟಕ್ಕೆ ಬಡಿಸಿದಾಗ ನನ್ನ ಕಡೆ ನೋಡಲಿಲ್ಲ. ಅದು ನ್ಯಾಯವೇ.

ಹಾಗಾಗಿ ಹೇಳುತ್ತಿದ್ದೇನೆ. ಆ ಕಾಗದ ಪೋಸ್ಟಿನಲ್ಲಿ ತಪ್ಪಿಹೋಗಲಿಲ್ಲ. ನಾನು ಅಡಗಿಸಿಟ್ಟೆ. ನಿನ್ನ ಒಂದು ವರ್ಷವನ್ನು, ನೀನು ಬಾಯಿಬಿಟ್ಟು ಕೇಳಿದ ಒಂದೇ ಒಂದನ್ನು, ನಿನಗೆ ತಿಳಿಸದೆ ಬೀಗ ಹಾಕಿಟ್ಟೆ. ಸೀಟು ಬಂದದ್ದರಿಂದ ಅದು ಸರಿಯಾಗುವುದಿಲ್ಲ. ನೀನು ನಾಳೆ ಎಷ್ಟು ದೊಡ್ಡ ಡಾಕ್ಟರ್ ಆದರೂ ಅದು ಸರಿಯಾಗುವುದಿಲ್ಲ. ಯಾರಾದರೂ ನಿನ್ನೆದುರು ನಿನ್ನ ಅಮ್ಮನ ಧೈರ್ಯ ಎಂದು ಹೊಗಳಿದರೆ ಸುಮ್ಮನೆ ಕೇಳಿಸಿಕೊಳ್ಳಬೇಡ. ಧೈರ್ಯ ಒಂದು ದಿನವೂ ನನ್ನಲ್ಲಿರಲಿಲ್ಲ.

ಕ್ಷಮಿಸು ಎಂದು ಕೇಳಬೇಕೆಂದೇ ಪೆನ್ನು ಹಿಡಿದೆ, ಆದರೆ ಕೇಳಿದರೆ ನೀನು "ಶರಿ ಅಮ್ಮೇ" ಎಂದುಬಿಡುತ್ತೀ. ಅದು ಬೇಡ. ಕೋಪ ಬಂದರೆ ಕೋಪ ಮಾಡು. ಭಾನುವಾರ ಫೋನ್ ಮಾಡಬೇಕೆನಿಸದಿದ್ದರೆ ಮಾಡಬೇಡ. ನಾನು ಹಾಸ್ಟೆಲಿಗೆ ಓಡಿ ಬರುವುದಿಲ್ಲ, ವಾರ್ಡನ್ನಿಗೆ ಫೋನ್ ಮಾಡಿ ವಿಚಾರಿಸುವುದಿಲ್ಲ. ಚೆನ್ನಾಗಿದ್ದೇನೆ ಎಂದು ಅಪ್ಪನಿಗೆ ಒಂದು ಮಾತು ತಿಳಿಸು, ಅದೊಂದನ್ನು ಮಾತ್ರ ಬೇಡಿಕೊಳ್ಳುತ್ತೇನೆ. ಯಾಕೆಂದು ಈಗ ನಿನಗೆ ಗೊತ್ತು. ಒಂದು ತಿಂಗಳಿಗೋ ಒಂದು ವರ್ಷಕ್ಕೋ ಈ ಓದು ನಿನ್ನದಲ್ಲ ಎನಿಸಿದರೆ ಬಿಟ್ಟು ಬಾ. ಜನ ಏನೆನ್ನುತ್ತಾರೋ ಅದಕ್ಕೆ ಉತ್ತರ ಕೊಡುವ ಕೆಲಸ ನನ್ನದು. ನನಗೆ ಆಗಲೂ ಹೆದರಿಕೆಯೇ ಆಗುತ್ತದೆ, ಆದರೆ ಹೆದರಿಕೊಂಡೇ ಉತ್ತರ ಕೊಡುತ್ತೇನೆ.

ಇನ್ನು ನಿನ್ನ ಹೆಸರಿಗೆ ಬಂದ ಯಾವ ಕಾಗದವನ್ನೂ ನಾನು ತೆರೆಯುವುದಿಲ್ಲ.

ಹೊಸ ಊರು, ಹೊಸ ನೀರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಮಗಳೇ. ನಿನಗೂ ಹೆದರಿಕೆ ಬರುತ್ತದೆ, ಬಂದೇ ಬರುತ್ತದೆ. ಆಗ ಅದು ನಿನ್ನದೇ ಹೆದರಿಕೆಯಾಗಿರಲಿ. ನನ್ನದನ್ನು ನೀನು ಹೊರಬೇಡ.

ನಿನ್ನ ದಾರಿ ನೋಡುತ್ತ, ಆದರೆ ದಾರಿಗೆ ಅಡ್ಡ ನಿಲ್ಲದೆ,
ಅಮ್ಮ